ಸೆಕೆಂಡ್ ಹ್ಯಾಂಡ್ ಎಸ್‌ಯುವಿ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಕೊಂಡವರ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಬೆಳಿಗ್ಗೆ ಸ್ಟಾರ್ಟ್ ಆಗಲ್ಲ. ಸ್ಪೀಡ್ ಏರಿದರೆ ಸ್ಟೀರಿಂಗ್ ನಡುಗುತ್ತೆ. ಮೀಟರಿನಲ್ಲಿ ಹಳದಿ ದೀಪ ಆರಲ್ಲ. ಬ್ರೇಕ್ ಒತ್ತಿದರೆ ಕಿರ್ ಅನ್ನುತ್ತೆ. ಇವೆಲ್ಲ ಕಣ್ಣಿಗೋ ಕಿವಿಗೋ ಗೊತ್ತಾಗುವ ದೋಷಗಳು. ಇನ್ನೊಂದು ಬಗೆಯ ದೋಷವೂ ಇದೆ. ಅದು ಸದ್ದು ಮಾಡುವುದಿಲ್ಲ, ದೀಪ ಹಚ್ಚುವುದಿಲ್ಲ. ಗಾಡಿ ಚೆನ್ನಾಗೇ ಓಡುತ್ತಿರುತ್ತದೆ. ಆದರೆ ತಯಾರಿಸಿದ ಕಂಪನಿಯೇ "ಈ ಭಾಗ ಸರಿಯಿಲ್ಲ, ತನ್ನಿ, ದುಡ್ಡಿಲ್ಲದೆ ಬದಲಾಯಿಸಿಕೊಡುತ್ತೇವೆ" ಎಂದು ಎಂದೋ ಹೇಳಿರುತ್ತದೆ. ಅದನ್ನೇ ರೀಕಾಲ್ ಅನ್ನುವುದು. ಆ ಕಾಗದ ಹೋಗುವುದು ದಾಖಲೆಯಲ್ಲಿರುವ ವಿಳಾಸಕ್ಕೆ. ಎಷ್ಟೋ ಸಲ ಅದು ಹಳೆಯ ಮಾಲೀಕರ ವಿಳಾಸ.

ನನಗೂ ಹೀಗೇ ಆಯಿತು. ಗಾಡಿ ಕೊಂಡು ಎಂಟು ತಿಂಗಳು ಓಡಿಸಿದ್ದೆ. ಬ್ರೇಕ್ ಸದ್ದು ಅಂತ ಸರ್ವಿಸ್‌ಗೆ ಬಿಟ್ಟಾಗ ಅಲ್ಲಿದ್ದ ಹುಡುಗ ಚಾಸಿ ನಂಬರ್ ಹಾಕಿ ನೋಡಿ, "ಸರ್, ಏರ್‌ಬ್ಯಾಗ್ ರೀಕಾಲ್ ಬಾಕಿ ಇದೆ, ಎರಡು ವರ್ಷ ಆಯ್ತು" ಅಂದ. ಆ ಎಂಟು ತಿಂಗಳೂ ಪಕ್ಕದ ಸೀಟಿನಲ್ಲಿ ನನ್ನ ಅಮ್ಮ ಕೂರುತ್ತಿದ್ದರು. ಅಂದಿನಿಂದ ಯಾರು ಹಳೆಯ ಗಾಡಿಯ ದೂರು ತಂದರೂ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಚಾಸಿ ನಂಬರ್ ಹಾಕಿ ನೋಡಿದಿರಾ?

## ಬಾನೆಟ್ ಎತ್ತುವ ಮೊದಲು: ಚಾಸಿ ನಂಬರ್

ಇದಕ್ಕಿಂತ ಸುಲಭದ, ಖರ್ಚಿಲ್ಲದ ಪರೀಕ್ಷೆ ಇನ್ನೊಂದಿಲ್ಲ. ಚಾಸಿ ನಂಬರ್, ಅಂದರೆ ವಿಐಎನ್, 17 ಅಕ್ಷರ ಮತ್ತು ಅಂಕಿಗಳದು. ಬಹಳ ಗಾಡಿಗಳಲ್ಲಿ ಮುಂದಿನ ಗಾಜಿನ ಕೆಳಮೂಲೆಯಲ್ಲಿ ಹೊರಗಿನಿಂದಲೇ ಕಾಣುತ್ತದೆ. ಇಲ್ಲದಿದ್ದರೆ ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರಿನಲ್ಲಿ, ಇಲ್ಲವೇ ನೋಂದಣಿ ಪತ್ರದಲ್ಲಿ ಸಿಗುತ್ತದೆ. ಇದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಬರುವುದೇ ಇಲ್ಲ. ದುಂಡಗೆ ಕಂಡರೆ ಅದು ಸೊನ್ನೆ, ಉದ್ದ ಗೀಟು ಕಂಡರೆ ಅದು ಒಂದು.

ಈ ನಂಬರನ್ನು ತಯಾರಕರ ವೆಬ್‌ಸೈಟಿನ ರೀಕಾಲ್ ಪುಟದಲ್ಲಿ ಹಾಕಿ. ವಾಹನ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಇಲಾಖೆ ಇಂಥ ಪುಟ ಇಟ್ಟಿದ್ದರೆ ಅಲ್ಲೂ ಹಾಕಿ. ಬರೀ ಮಾಡೆಲ್ ಹೆಸರು, ವರ್ಷ ಹಾಕಿ ಹುಡುಕಿದರೆ ಸಾಲದು. ಒಂದೇ ವರ್ಷದ ಒಂದೇ ಮಾಡೆಲ್‌ನ ಎರಡು ಗಾಡಿಗಳಲ್ಲಿ ಒಂದಕ್ಕೆ ಕೆಟ್ಟ ಲಾಟಿನ ಭಾಗ ಹೋಗಿರಬಹುದು, ಇನ್ನೊಂದಕ್ಕೆ ಹೋಗಿರಲಿಕ್ಕಿಲ್ಲ. ಬೇರೆ ದೇಶದಿಂದ ಬಂದ ಗಾಡಿಯಾದರೆ ಅದು ಮೊದಲು ಮಾರಾಟವಾದ ದೇಶದ ಪುಟದಲ್ಲೂ ನೋಡಿ. ಆರು ತಿಂಗಳಿಗೊಮ್ಮೆ ಮತ್ತೆ ನೋಡಿ. ಹತ್ತು ವರ್ಷ ಹಳೆಯ ಗಾಡಿಗೂ ಹೊಸ ರೀಕಾಲ್ ಬರುತ್ತದೆ.

ಇಲ್ಲಿ ಮೂರು ಮಾತು ಬೇರೆ ಬೇರೆ ಎಂದು ತಿಳಿದಿರಬೇಕು. ರೀಕಾಲ್ ಅಂದರೆ ಸುರಕ್ಷತೆಯ ದೋಷ. ಗಾಡಿ ಎಷ್ಟು ಕೈ ದಾಟಿದ್ದರೂ ಕಂಪನಿ ತನ್ನ ಖರ್ಚಿನಲ್ಲಿ ಸರಿಮಾಡಿಕೊಡುವುದು ರೂಢಿ. ಸರ್ವಿಸ್ ಬುಲೆಟಿನ್ ಅಂದರೆ ಕಂಪನಿ ತನ್ನ ಮೆಕ್ಯಾನಿಕ್‌ಗಳಿಗೆ "ಈ ತೊಂದರೆ ಬಂದರೆ ಹೀಗೆ ಮಾಡಿ" ಎಂದು ಕಳಿಸುವ ಸೂಚನೆ. ರಿಪೇರಿ ಪುಕ್ಕಟೆ ಎಂದು ಅದರ ಅರ್ಥವಲ್ಲ. ಮೂರನೆಯದು ವಿಸ್ತರಿಸಿದ ವಾರಂಟಿ. ಯಾವುದೋ ಒಂದು ಭಾಗಕ್ಕೆ ಮಾತ್ರ ಕಂಪನಿ ಹೆಚ್ಚಿನ ವರ್ಷ ಕೊಟ್ಟಿರುತ್ತದೆ. ಸರ್ವಿಸ್ ಸೆಂಟರಿನಲ್ಲಿ ಮೂರನ್ನೂ ಹೆಸರಿಟ್ಟು ಕೇಳಿ. ಕೇಳದಿದ್ದರೆ ಎಷ್ಟೋ ಕಡೆ ಹೇಳುವುದಿಲ್ಲ. ಮಾರುವವರು "ರೀಕಾಲ್ ಎಲ್ಲ ಆಗಿದೆ" ಎಂದರೆ ಆ ಕೆಲಸದ ಬಿಲ್ ಕೇಳಿ. ಬಾಯಿಮಾತು ಬೇಡ.

## "ಏರ್‌ಬ್ಯಾಗ್ ದೀಪ ಹತ್ತಿದೆ" – ಅಥವಾ ಹತ್ತೇ ಇಲ್ಲ

ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡ್ ಹತ್ತಿ ಆರಬೇಕು. ಆರದೆ ಹತ್ತೇ ಇದ್ದರೆ ವ್ಯವಸ್ಥೆ ತನ್ನಲ್ಲೇ ದೋಷ ಕಂಡಿದೆ, ಅಪಘಾತದಲ್ಲಿ ಬ್ಯಾಗ್ ಬಿಚ್ಚದೇ ಇರಬಹುದು ಎಂದರ್ಥ. ಒಮ್ಮೆಯೂ ಹತ್ತದಿದ್ದರೆ ಇನ್ನೂ ಕೆಟ್ಟದ್ದು. ದೀಪವೇ ಸುಟ್ಟಿರಬಹುದು, ಇಲ್ಲವೇ ಗಾಡಿ ಮಾರಲೆಂದು ಯಾರೋ ಅದನ್ನು ಕತ್ತರಿಸಿರಬಹುದು. ಹಳೆಯ ಗಾಡಿ ನೋಡಲು ಹೋದಾಗ ಈ ಕೆಲವು ಸೆಕೆಂಡ್ ಬೇರೆ ಮಾತು ನಿಲ್ಲಿಸಿ ಮೀಟರನ್ನೇ ನೋಡಿ.

ದೀಪ ಹತ್ತಿದ್ದರೆ ಮೊದಲು ಮುಂದಿನ ಸೀಟುಗಳ ಕೆಳಗೆ ಬಗ್ಗಿ ನೋಡಿ. ಬಾಟಲಿ, ಚೀಲ, ಛತ್ರಿ ತುರುಕಿದ್ದರೆ ಅಲ್ಲಿನ ವೈರು ಎಳೆದು ಕನೆಕ್ಟರ್ ಸಡಿಲವಾಗಿರುತ್ತದೆ. ಸಾಮಾನು ತೆಗೆಯಿರಿ, ಅಷ್ಟೇ. ಹಳದಿ ಬಣ್ಣದ ವೈರು, ಕನೆಕ್ಟರ್ ಕಂಡರೆ ಕೈ ಹಾಕಬೇಡಿ, ಮಲ್ಟಿಮೀಟರ್ ಇಡಬೇಡಿ. ಅದು ಸ್ಫೋಟಕ ಹತ್ತಿಸುವ ದಾರಿ. ದೀಪದ ಜೊತೆಗೇ ಹಾರ್ನ್ ಮತ್ತು ಸ್ಟೀರಿಂಗ್ ಮೇಲಿನ ಬಟನ್‌ಗಳೂ ನಿಂತಿದ್ದರೆ ಸ್ಟೀರಿಂಗ್ ಒಳಗೆ ಸುರುಳಿ ಸುತ್ತಿರುವ ಕೇಬಲ್ ಹರಿದಿರುವ ಸಾಧ್ಯತೆ ಜಾಸ್ತಿ. ಮುಂದಿನದೆಲ್ಲ ಏರ್‌ಬ್ಯಾಗ್ ಕೋಡ್ (ಗಾಡಿಯ ಕಂಪ್ಯೂಟರ್ ಬರೆದಿಡುವ ದೋಷದ ಸಂಕೇತ) ಓದಬಲ್ಲ ಸ್ಕ್ಯಾನರ್ ಇರುವವರ ಕೆಲಸ. ಗುಜರಿಯಿಂದ ತಂದ ಏರ್‌ಬ್ಯಾಗ್ ಮಾತ್ರ ಎಷ್ಟೇ ಅಗ್ಗವಾದರೂ ಬೇಡ.

ದೀಪ ಸರಿಯಾಗಿ ಹತ್ತಿ ಆರಿದರೆ ಎಲ್ಲ ಸರಿ ಎಂದೂ ಅಲ್ಲ. ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗ್ ಕಥೆ ಕಲಿಸಿದ್ದು ಇದನ್ನೇ. ಆ ಕಂಪನಿ ಬ್ಯಾಗ್ ಉಬ್ಬಿಸಲು ಅಮೋನಿಯಂ ನೈಟ್ರೇಟ್ ಬಳಸುತ್ತಿತ್ತು. ವರ್ಷಗಟ್ಟಲೆ ಸೆಕೆ, ತೇವ, ಬಿಸಿ ತಂಪಿನ ಏರಿಳಿತ ತಿಂದು ಆ ಮದ್ದು ಹಾಳಾಗುತ್ತದೆ. ಬ್ಯಾಗ್ ಬಿಚ್ಚಬೇಕಾದ ಗಳಿಗೆಯಲ್ಲಿ ಅತಿ ಜೋರಾಗಿ ಸಿಡಿದು, ಲೋಹದ ಡಬ್ಬಿಯೇ ಚೂರಾಗಿ ಕೂತವರ ಮುಖ, ಕುತ್ತಿಗೆಗೆ ನುಗ್ಗುತ್ತದೆ. ಅಮೆರಿಕ ಒಂದರಲ್ಲೇ ಸುಮಾರು 6 ಕೋಟಿ 70 ಲಕ್ಷ ಏರ್‌ಬ್ಯಾಗ್‌ಗಳು ಈ ರೀಕಾಲ್‌ಗೆ ಸೇರಿದವು. 2017ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಈ ದೋಷಕ್ಕೆ ಮುನ್ಸೂಚನೆಯ ಲಕ್ಷಣವೇ ಇಲ್ಲ. ಗಾಡಿ ಹಳೆಯದಾದಷ್ಟೂ ಅಪಾಯ ಹೆಚ್ಚು. ಕೆಲವು ಗಾಡಿಗಳಿಗೆ "ಓಡಿಸಲೇ ಬೇಡಿ" ಎಂಬ ಎಚ್ಚರಿಕೆಯೂ ಬಂದಿದೆ. ಚಾಸಿ ನಂಬರ್ ಹಾಕಿದಾಗ ಅಂಥ ಮಾತು ಬಂದರೆ ಆ ಗಾಡಿಯನ್ನು ಸರ್ವಿಸ್ ಸೆಂಟರಿಗೂ ನೀವೇ ಓಡಿಸಿಕೊಂಡು ಹೋಗಬೇಡಿ, ಎತ್ತಿಕೊಂಡು ಹೋಗಲು ಹೇಳಿ.

## "ಕೀ ತಿರುಗಿಸಿದರೆ ಟಕ್ ಟಕ್ ಅಷ್ಟೇ"

ಬೇಗ ಬೇಗ ಟಕ್ ಟಕ್ ಟಕ್ ಎಂದರೆ ಬ್ಯಾಟರಿಯಲ್ಲಿ ದಮ್ಮಿಲ್ಲ. ಒಂದೇ ಒಂದು ಗಟ್ಟಿ ಟಕ್ ಎಂದು ಸುಮ್ಮನಾದರೆ ಟರ್ಮಿನಲ್ ಸಡಿಲ ಅಥವಾ ಸ್ಟಾರ್ಟರ್ ಮೋಟಾರಿನ ತೊಂದರೆ. ಎಂಜಿನ್ ಚೆನ್ನಾಗಿ ಸುತ್ತುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ ಎಂದರೆ ಬ್ಯಾಟರಿಯನ್ನು ಬೈಯಬೇಡಿ. ಇಂಧನ, ಕಿಡಿ, ಇಲ್ಲವೇ ಕೀ ಗುರುತಿಸುವ ವ್ಯವಸ್ಥೆ ಕಡೆ ನೋಡಿ. ಎರಡನೇ ಕೀ ಇದ್ದರೆ ಅದರಲ್ಲಿ ಒಮ್ಮೆ ಪ್ರಯತ್ನಿಸಿ.

ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ದರೆ ಸ್ವಚ್ಛ ಮಾಡಿ ಬಿಗಿ ಮಾಡಿ. ಅರ್ಧಕ್ಕರ್ಧ ಸಲ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. ಆಮೇಲೆ ಮಲ್ಟಿಮೀಟರ್. ಕೆಲವು ಗಂಟೆ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ. 12ಕ್ಕಿಂತ ಕೆಳಗಿದ್ದರೆ ಬರಿದಾಗಿದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.7ರ ನಡುವೆ ಇರಬೇಕು. ಏರದಿದ್ದರೆ ಬ್ಯಾಟರಿ ತುಂಬುವ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ, ಹೊಸ ಬ್ಯಾಟರಿ ಹಾಕಿದರೂ ಎರಡೇ ದಿನ. ಕೆಲವು ಹೊಸ ಗಾಡಿಗಳು ಇಂಧನ ಉಳಿಸಲು ಚಾರ್ಜನ್ನು ತಾವೇ ಏರಿಸಿ ಇಳಿಸುತ್ತವೆ. ಅದಕ್ಕೇ ಒಂದೇ ಸಲ ನೋಡಿ ತೀರ್ಮಾನ ಮಾಡಬೇಡಿ, ಹೆಡ್‌ಲೈಟ್ ಹಾಕಿ ಇನ್ನೊಮ್ಮೆ ನೋಡಿ.

ಈಗ ಬ್ಯಾಟರಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿ. ಅಲುಗಬಾರದು. ಇದೇನು ಸಣ್ಣ ವಿಷಯ ಅನ್ನಿಸಬಹುದು. 2023ರ ನವೆಂಬರಿನಲ್ಲಿ ಟೊಯೋಟಾ ಅಮೆರಿಕದಲ್ಲಿ 2013ರಿಂದ 2018ರ ಸುಮಾರು 18.5 ಲಕ್ಷ ರಾವ್4 ಎಸ್‌ಯುವಿಗಳನ್ನು ವಾಪಸ್ ಕರೆದದ್ದು ಇದೇ ಕಾರಣಕ್ಕೆ. ನಂತರ ಹಾಕಿಸಿದ ಬ್ಯಾಟರಿಯ ಮೇಲ್ಭಾಗ ಗಾತ್ರದಲ್ಲಿ ಚಿಕ್ಕದಿದ್ದು, ಹಿಡಿದಿಡುವ ಪಟ್ಟಿಯನ್ನೂ ಸರಿಯಾಗಿ ಬಿಗಿಯದಿದ್ದರೆ, ಗಾಡಿ ಜೋರಾಗಿ ತಿರುಗಿದಾಗ ಬ್ಯಾಟರಿ ಸರಿದು ಪಾಸಿಟಿವ್ ಟರ್ಮಿನಲ್ ಆ ಪಟ್ಟಿಗೆ ತಾಗಿ ಶಾರ್ಟ್ ಆಗಿ ಬೆಂಕಿ ಹತ್ತಬಹುದಿತ್ತು. ಹಳೆಯ ಗಾಡಿಯಲ್ಲಿ ಬ್ಯಾಟರಿ ಯಾರೋ ಯಾವಾಗಲೋ ಬದಲಾಯಿಸಿಯೇ ಇರುತ್ತಾರೆ, ಅಲ್ವಾ? ಒಂದು ನಿಮಿಷದ ಕೆಲಸ, ನೋಡಿಬಿಡಿ.

ಬೇರೆ ಗಾಡಿಯಿಂದ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡುವಾಗ ಕೊನೆಯ ನೆಗೆಟಿವ್ ಕ್ಲಿಪ್ಪನ್ನು ಸತ್ತ ಬ್ಯಾಟರಿಗೆ ಹಾಕಬೇಡಿ. ಬ್ಯಾಟರಿಯಿಂದ ದೂರ ಎಂಜಿನ್‌ನ ಬರೀ ಲೋಹಕ್ಕೆ ಹಾಕಿ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತಿರುತ್ತದೆ, ಒಂದು ಕಿಡಿ ಸಾಕು.

## "ಓಡ್ತಾ ಓಡ್ತಾನೇ ಆಫ್ ಆಗಿಬಿಡ್ತು"

ಮೊದಲು ಬದುಕಿಕೊಳ್ಳುವ ಮಾತು. ಎಂಜಿನ್ ನಿಂತರೆ ಸ್ಟೀರಿಂಗ್ ಭಾರವಾಗುತ್ತದೆ, ಆದರೆ ತಿರುಗುತ್ತದೆ. ಬ್ರೇಕ್ ಒಂದೆರಡು ಸಲ ಮಾಮೂಲಿನಂತೆ ಹಿಡಿಯುತ್ತದೆ, ಆಮೇಲೆ ಕಾಲಿನ ಪೂರ್ತಿ ಬಲ ಬೇಕು. ಹಾಗಾಗಿ ಬಿಟ್ಟು ಬಿಟ್ಟು ಒತ್ತಬೇಡಿ, ಒಂದೇ ಸಮ ಗಟ್ಟಿಯಾಗಿ ಒತ್ತಿ. ಎಚ್ಚರಿಕೆ ದೀಪ ಹಾಕಿ ಪಕ್ಕಕ್ಕೆ ಬನ್ನಿ. ಗಾಡಿ ಪೂರ್ತಿ ನಿಲ್ಲುವವರೆಗೆ ಕೀ ಹೊರಗೆ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಬಿದ್ದೀತು.

ನಿಂತ ಮೇಲೆ ಯೋಚನೆ ಮಾಡಿ. ಬಿಸಿಯಾದಾಗ ಮಾತ್ರ ನಿಂತು, ಅರ್ಧ ಗಂಟೆ ಬಿಟ್ಟು ತಾನಾಗೇ ಸ್ಟಾರ್ಟ್ ಆಯಿತೇ? ಎಂಜಿನ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಇಡಬಹುದು. ನಿಲ್ಲುವ ಮೊದಲು ಎಳೆತ ಕಡಿಮೆಯಾಗಿ, ಮುಗ್ಗರಿಸಿ ನಿಂತಿತೇ? ಇಂಧನ ಬರುತ್ತಿಲ್ಲ: ಫಿಲ್ಟರ್ ಕಟ್ಟಿದೆ ಅಥವಾ ಪಂಪ್ ಸೋತಿದೆ. ದೀಪಗಳೆಲ್ಲ ಮಂಕಾಗಿ ನಿಂತಿತೇ? ಚಾರ್ಜಿಂಗ್ ತೊಂದರೆ, ಹಿಂದಿನ ಭಾಗ ಓದಿ.

ಪಂಪ್‌ಗೆ ದುಡ್ಡು ಕೊಡುವ ಮೊದಲು ಮತ್ತೆ ಚಾಸಿ ನಂಬರ್. ಡೆನ್ಸೋ ಎಂಬ ಬಿಡಿಭಾಗಗಳ ಕಂಪನಿ ತಯಾರಿಸಿದ ಕಡಿಮೆ ಒತ್ತಡದ ಇಂಧನ ಪಂಪ್‌ಗಳಿಗಾಗಿ 2020ರಿಂದ ಟೊಯೋಟಾ, ಹೋಂಡಾ ಸೇರಿ ಹಲವು ಕಂಪನಿಗಳು ರೀಕಾಲ್ ಮಾಡಿದವು. ಪಂಪಿನೊಳಗಿನ ಪ್ಲಾಸ್ಟಿಕ್ ಚಕ್ರ ಇಂಧನ ಹೀರಿ ಉಬ್ಬಿ, ತಿರುಗದೆ ಸಿಕ್ಕಿಕೊಳ್ಳುತ್ತಿತ್ತು. ಲಕ್ಷಣ ಅಂದರೆ ಇದೇ: ಒರಟು ಓಟ, ಸ್ಟಾರ್ಟ್ ತೊಂದರೆ, ರಸ್ತೆ ನಡುವೆ ನಿಲ್ಲುವುದು.

ಒಮ್ಮೆ ನಿಂತು ಮತ್ತೆ ಸ್ಟಾರ್ಟ್ ಆದ ಗಾಡಿಯನ್ನು "ಸರಿಯಾಯ್ತು" ಎಂದು ಹೆದ್ದಾರಿಗೆ ಹಾಕಬೇಡಿ.

## "ಚೆಕ್ ಎಂಜಿನ್ ದೀಪ"

ಒಂದೇ ಸಮ ಹತ್ತಿದ್ದರೆ ಈ ವಾರದೊಳಗೆ ತೋರಿಸಿ. ಮಿನುಗುತ್ತಿದ್ದರೆ ಈಗಲೇ. ಮಿನುಗುವುದೆಂದರೆ ಯಾವುದೋ ಸಿಲಿಂಡರಿನಲ್ಲಿ ಇಂಧನ ಉರಿಯುತ್ತಿಲ್ಲ, ಉರಿಯದ ಇಂಧನ ಸೈಲೆನ್ಸರ್ ಕೊಳವೆಗೆ ಹೋಗಿ ಅಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಂಡ ಮಾಡುತ್ತಿದೆ. ಕಾಲು ತೆಗೆದು, ನಿಧಾನ ಮಾಡಿ, ನಿಲ್ಲಿಸಿ. ಹಾಗೆ ಬಿಸಿಯಾದ ಗಾಡಿಯನ್ನು ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ.

ಮಾಮೂಲಿ ಹಳದಿ ದೀಪಕ್ಕೆ ಮೊದಲ ಪರೀಕ್ಷೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ಕ್ಲಿಕ್ ಎನ್ನುವವರೆಗೆ ಬಿಗಿಯಾಗಿ ತಿರುಗಿಸಿ, ಒಂದೆರಡು ದಿನ ಓಡಿಸಿ ನೋಡಿ. ಇಂಧನದ ಆವಿ ಸೋರುತ್ತಿದೆ ಎನ್ನುವ ಪಿ0455 ಕೋಡ್ ಎಷ್ಟೋ ಸಲ ಅಷ್ಟರದ್ದೇ. ದೀಪ ಆರದಿದ್ದರೆ ಡ್ಯಾಶ್‌ಬೋರ್ಡ್ ಕೆಳಗಿನ ಒಬಿಡಿ ಸಾಕೆಟ್‌ಗೆ ಸಣ್ಣ ಸ್ಕ್ಯಾನರ್ ಹಾಕಿ ಕೋಡ್ ಓದಿ. ಪಿ0171 ಅಂದರೆ ಗಾಳಿ ಜಾಸ್ತಿ, ಇಂಧನ ಕಡಿಮೆ. ಪಿ0300 ಅಂದರೆ ಬೇರೆ ಬೇರೆ ಸಿಲಿಂಡರುಗಳಲ್ಲಿ ಇಂಧನ ಉರಿಯುವುದು ಆಗಾಗ ತಪ್ಪುತ್ತಿದೆ. ಪಿ0420 ಅಂದರೆ ಕನ್ವರ್ಟರ್ ತನ್ನ ಕೆಲಸ ಸರಿಯಾಗಿ ಮಾಡುತ್ತಿಲ್ಲ. ಕೋಡ್ ಹೇಳುವುದು ನೋವು ಎಲ್ಲಿದೆ ಎಂದು. ಯಾವ ಭಾಗ ಬದಲಾಯಿಸಬೇಕು ಎಂದಲ್ಲ. ಪಿ0171 ಕಂಡ ತಕ್ಷಣ ಆಕ್ಸಿಜನ್ ಸೆನ್ಸರ್ ಬದಲಾಯಿಸಿ, ನಿಜವಾದ ಕಾರಣ ಒಂದು ಬಿರುಕುಬಿಟ್ಟ ರಬ್ಬರ್ ಪೈಪ್ ಎಂದು ಆಮೇಲೆ ಗೊತ್ತಾದವರು ಬೇಕಾದಷ್ಟು ಜನ ಇದ್ದಾರೆ.

ಕೊಳ್ಳುವ ಮೊದಲು ಇನ್ನೊಂದು ಪರೀಕ್ಷೆ. ಸ್ಕ್ಯಾನರಿನಲ್ಲಿ ಕೋಡ್ ಜೊತೆಗೆ, ಗಾಡಿ ತನ್ನನ್ನೇ ಪರೀಕ್ಷಿಸಿ ಮುಗಿಸಿದೆಯೇ ಎಂದು ಹೇಳುವ ರೆಡಿನೆಸ್ ಎಂಬ ಪುಟ ಇರುತ್ತದೆ. ಕೋಡ್ ಒಂದೂ ಇಲ್ಲ, ಆದರೆ ಅಲ್ಲಿ ಹೆಚ್ಚಿನವು "ಸಿದ್ಧವಿಲ್ಲ" ಎಂದಿದ್ದರೆ, ಇತ್ತೀಚೆಗೆ ಬ್ಯಾಟರಿ ಬಿಚ್ಚಿದ್ದಾರೆ ಅಥವಾ ಕೋಡ್ ಅಳಿಸಿದ್ದಾರೆ. ಯಾಕೆ ಎಂದು ನೇರವಾಗಿ ಕೇಳಿ.

## "ಬ್ರೇಕ್ ಸರಿ ಇಲ್ಲ ಅನ್ನಿಸ್ತಿದೆ"

ಇಲ್ಲಿ ಅನ್ನಿಸಿಕೆಗೂ ಬೆಲೆ ಕೊಡಿ. ಎಸ್‌ಯುವಿ ಭಾರದ ಗಾಡಿ, ಬ್ರೇಕಿನ ಮೇಲೆ ಬೀಳುವ ಹೊರೆಯೂ ಅಷ್ಟೇ ದೊಡ್ಡದು.

ಕೀಚಲು ಸದ್ದು ಬಂದರೆ ಪ್ಯಾಡ್ ಸವೆದಿದೆ ಎಂದು ಹೇಳಲೆಂದೇ ಇಟ್ಟ ಲೋಹದ ನಾಲಿಗೆ ಡಿಸ್ಕಿಗೆ ತಾಗುತ್ತಿರಬಹುದು. ಚಕ್ರದ ಸಂದಿನಿಂದ ಟಾರ್ಚ್ ಬಿಟ್ಟು ನೋಡಿ. ಪ್ಯಾಡ್ ದಪ್ಪ 3 ಮಿಲಿಮೀಟರ್‌ಗೆ ಬಂದಿದ್ದರೆ ಬದಲಾಯಿಸುವ ಹೊತ್ತು. ಮಳೆಯಲ್ಲಿ ನಿಂತ ಗಾಡಿ ಬೆಳಿಗ್ಗೆ ಮೊದಲ ನಾಲ್ಕು ಬ್ರೇಕ್ ಮಾತ್ರ ಕರಕರ ಎಂದರೆ ಅದು ಡಿಸ್ಕ್ ಮೇಲಿನ ತುಕ್ಕು, ಗಾಬರಿ ಬೇಡ. ಆದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ನಿಲ್ಲದೆ ಬಂದರೆ ಪ್ಯಾಡ್ ಮುಗಿದೇ ಹೋಗಿದೆ.

ಬ್ರೇಕ್ ಒತ್ತಿದಾಗ ಮಾತ್ರ ಪೆಡಲ್, ಸ್ಟೀರಿಂಗ್ ನಡುಗಿದರೆ ಡಿಸ್ಕ್ ಸಮತಟ್ಟಾಗಿಲ್ಲ. ಒಂದು ಕಡೆಗೆ ಎಳೆದರೆ ಯಾವುದೋ ಚಕ್ರದಲ್ಲಿ ಪ್ಯಾಡ್ ಒತ್ತುವ ಕ್ಯಾಲಿಪರ್ ಸಿಕ್ಕಿಕೊಂಡಿದೆ. ಸ್ವಲ್ಪ ಓಡಿಸಿ ನಿಲ್ಲಿಸಿ, ಪ್ರತಿ ಚಕ್ರದ ಹತ್ತಿರ ಅಂಗೈ ಒಡ್ಡಿ ಕಾವು ನೋಡಿ. ಮುಟ್ಟಬೇಡಿ, ಕೈ ಸುಡುತ್ತದೆ. ಒಂದೇ ಚಕ್ರ ಕುಲುಮೆಯ ಹಾಗೆ ಕಾದಿದ್ದರೆ ಅದೇ ಕಳ್ಳ.

ಪೆಡಲ್ ಹೇಳುವ ಭಾಷೆ ಇನ್ನೂ ಮುಖ್ಯ. ಸ್ಪಂಜಿನ ಹಾಗೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ ಅಥವಾ ಆಯಿಲ್ ಹಳೆಯದಾಗಿದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಉದ್ದದ ಇಳಿಜಾರಿನಲ್ಲಿ ಬಿಸಿಯಾದಾಗ ಆ ನೀರು ಆವಿಯಾಗಿ ಪೆಡಲ್ ಪೊಳ್ಳಾಗುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಎನ್ನುವುದು ಇದಕ್ಕೇ. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದರೆ ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬೂಸ್ಟರ್ ನೋಡಿ: ಎಂಜಿನ್ ಆಫ್ ಇದ್ದಾಗ ಐದಾರು ಸಲ ಒತ್ತಿ, ಕೊನೆಯ ಸಲ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರ್ ಅಥವಾ ಅದರ ಪೈಪ್ ಕೆಟ್ಟಿದೆ.

ನಿಂತ ಗಾಡಿಯಲ್ಲಿ ಪೆಡಲ್ ಒತ್ತಿ ಹಿಡಿದರೆ ಮೆಲ್ಲಗೆ ನೆಲಕ್ಕೆ ಇಳಿಯುತ್ತಾ ಹೋಗುತ್ತದೆಯೇ? ಅಲ್ಲಿಗೆ ನಿಲ್ಲಿಸಿ. ಹೊರಗೆ ಸೋರಿಕೆ ಇದೆ ಅಥವಾ ಆಯಿಲನ್ನು ಬ್ರೇಕ್‌ಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗೇ ಸೋರುತ್ತಿದೆ. ಒಂದು ಮೀಟರ್ ಕೂಡ ಓಡಿಸಬೇಡಿ. ಆಯಿಲ್ ಮಟ್ಟ ಇಳಿದಿದ್ದರೆ ಸುಮ್ನೆ ಸುರಿದು ತುಂಬಿಸಬೇಡಿ. ಅದು ತಾನಾಗೇ ಖರ್ಚಾಗುವ ವಸ್ತುವಲ್ಲ. ಪ್ಯಾಡ್ ಸವೆದಿರಬೇಕು, ಇಲ್ಲವೇ ಎಲ್ಲೋ ಸೋರುತ್ತಿರಬೇಕು.

ಎಬಿಎಸ್ ದೀಪ ಒಂದೇ ಹತ್ತಿದ್ದರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತದೆ, ಚಕ್ರ ಜಾರದಂತೆ ಕಾಯುವ ಕೆಲಸ ನಿಂತಿರುತ್ತದೆ. ಹೆಚ್ಚಾಗಿ ಚಕ್ರದ ಸೆನ್ಸರ್ ಕೊಳೆಯಾಗಿರುತ್ತದೆ ಅಥವಾ ಅದರ ವೈರ್ ಹರಿದಿರುತ್ತದೆ. ಆದರೆ ಇಲ್ಲೂ ರೀಕಾಲ್ ನೋಡದೆ ಮುಂದೆ ಹೋಗಬೇಡಿ. 2023ರ ಸೆಪ್ಟೆಂಬರಿನಲ್ಲಿ ಹ್ಯುಂಡೈ ಮತ್ತು ಕಿಯಾ ಅಮೆರಿಕದಲ್ಲಿ 33 ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ಕರೆದವು. ಟ್ಯೂಸಾನ್, ಸಾಂಟಾ ಫೆ, ಸ್ಪೋರ್ಟೇಜ್, ಸೊರೆಂಟೋ ಎಸ್‌ಯುವಿಗಳೂ ಅದರಲ್ಲಿದ್ದವು. ಬ್ರೇಕ್ ನಿಯಂತ್ರಿಸುವ ಪೆಟ್ಟಿಗೆಯೊಳಗೆ ಆಯಿಲ್ ಸೋರಿ, ಶಾರ್ಟ್ ಆಗಿ, ನಿಂತ ಗಾಡಿಯಲ್ಲೂ ಬೆಂಕಿ ಏಳಬಹುದಿತ್ತು. ರಿಪೇರಿ ಆಗುವವರೆಗೆ ಮನೆ, ಕಟ್ಟಡದಿಂದ ದೂರ ಬಯಲಿನಲ್ಲಿ ನಿಲ್ಲಿಸಿ ಎಂದು ಕಂಪನಿಗಳೇ ಹೇಳಿದವು. ನಿಮ್ಮ ಗಾಡಿಗೆ ಇಂಥ ಸೂಚನೆ ಇದ್ದರೆ ಅಂದು ರಾತ್ರಿಯೇ ಅದನ್ನು ಶೆಡ್‌ನಿಂದ ಹೊರಗೆ ತನ್ನಿ.

## "ಸ್ಪೀಡ್‌ನಲ್ಲಿ ನಡುಗುತ್ತೆ, ಗುಂಯ್ ಅನ್ನುತ್ತೆ, ಗುಂಡಿಯಲ್ಲಿ ಕಟ್ ಅನ್ನುತ್ತೆ"

ಇತ್ತೀಚೆಗೆ ಟೈರ್ ಬಿಚ್ಚಿ ಹಾಕಿಸಿದ್ದರೆ ಮೊದಲು ವೀಲ್ ನಟ್‌ಗಳನ್ನು ನೋಡಿ. ಸಡಿಲವಿದ್ದರೆ ಚಕ್ರವೇ ಕಳಚಿ ಹೋಗಬಹುದು. ಚಕ್ರ ಕೂರಿಸಿ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡುವ ಅಭ್ಯಾಸ ಒಳ್ಳೆಯದು.

ಆಮೇಲೆ ಗಾಳಿ. ಎಷ್ಟು ಬೇಕೆಂಬುದು ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರಿನಲ್ಲಿದೆ. ಟೈರ್ ಮೈಮೇಲೆ ಬರೆದಿರುವುದು ಆ ಟೈರ್ ತಡೆಯುವ ಗರಿಷ್ಠ ಒತ್ತಡ, ಅದನ್ನು ತುಂಬಿಸಬೇಡಿ. ತಣ್ಣಗಿರುವಾಗ ಅಳೆಯಿರಿ. ಟೈರ್ ವಯಸ್ಸನ್ನೂ ಓದಿ: ಪಕ್ಕದ ಗೋಡೆಯಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ. 2319 ಎಂದರೆ 2019ರ 23ನೇ ವಾರ. ಮೇಲೆ ಪಟ್ಟೆ ಚೆನ್ನಾಗಿದ್ದರೂ ಪಕ್ಕದಲ್ಲಿ ಬಿರುಕು, ಉಬ್ಬು ಕಂಡರೆ ಆ ಟೈರ್ ಮುಗಿಯಿತು. ಪಟ್ಟೆಯ ಆಳಕ್ಕೆ ಹಲವು ದೇಶಗಳಲ್ಲಿ ಕಾನೂನಿನ ಮಿತಿ 1.6 ಮಿಲಿಮೀಟರ್. ಸ್ಟೆಪ್ನಿಯನ್ನೂ ನೋಡಿ, ಎಲ್ಲರೂ ಮರೆಯುವುದು ಅದನ್ನೇ.

ಎಸ್‌ಯುವಿಯಲ್ಲಿ ಟೈರಿಗೆ ಇಷ್ಟು ಮಹತ್ವ ಕೊಡುವುದಕ್ಕೆ ಕಾರಣ ಇದೆ. ಗಾಡಿ ಎತ್ತರ, ಭಾರ ಮೇಲಿದೆ. ವೇಗದಲ್ಲಿ ಟೈರ್ ಸಿಡಿದು ಡ್ರೈವರ್ ಗಾಬರಿಯಲ್ಲಿ ಸ್ಟೀರಿಂಗ್ ಎಳೆದರೆ ಮಗುಚುವುದು ಸುಲಭ. 2000ದ ಆಗಸ್ಟಿನಲ್ಲಿ ಫೈರ್‌ಸ್ಟೋನ್ 65 ಲಕ್ಷ ಟೈರುಗಳನ್ನು ವಾಪಸ್ ಕರೆಯಿತು. ಅವುಗಳಲ್ಲಿ ಬಹಳಷ್ಟು ಫೋರ್ಡ್ ಎಕ್ಸ್‌ಪ್ಲೋರರ್ ಎಸ್‌ಯುವಿಗಳಲ್ಲಿದ್ದವು. ಓಡುವಾಗಲೇ ಟೈರಿನ ಮೇಲ್ಪದರ ಕಿತ್ತು ಬರುತ್ತಿತ್ತು. ಆ ಸಾವುನೋವುಗಳ ಬಳಿಕ ಅದೇ ವರ್ಷ ಅಮೆರಿಕ ಹೊಸ ಕಾನೂನು ತಂದಿತು. ಗಾಳಿ ಕಡಿಮೆಯಾದರೆ ಮೀಟರಿನಲ್ಲಿ ಹತ್ತುವ ದೀಪ ಅಲ್ಲಿ ಕಡ್ಡಾಯವಾದದ್ದು ಆ ಕಾನೂನಿನಿಂದ. ಆ ದೀಪ ಹತ್ತಿದಾಗ "ಆಮೇಲೆ ನೋಡೋಣ" ಎನ್ನಬೇಡಿ.

ಟೈರ್ ಸರಿಯಿದ್ದರೆ ಮುಂದಕ್ಕೆ ಹೋಗಿ. ಒಂದು ನಿರ್ದಿಷ್ಟ ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ಮುಂದಿನ ಚಕ್ರದ ಬ್ಯಾಲೆನ್ಸಿಂಗ್. ಸ್ಟೀರಿಂಗ್ ಸುಮ್ಮನಿದ್ದು ಸೀಟು ನಡುಗಿದರೆ ಹಿಂದಿನ ಚಕ್ರ ಅಥವಾ ಪ್ರೊಪೆಲ್ಲರ್ ಶಾಫ್ಟ್. ವೇಗದ ಜೊತೆ ಗುಂಯ್ ಸದ್ದು ಏರಿ, ಎಡಕ್ಕೆ ತಿರುಗಿದಾಗ ಇನ್ನೂ ಜೋರಾದರೆ ಬಲಗಡೆಯ ವೀಲ್ ಬೇರಿಂಗ್ ಮೇಲೆ ಅನುಮಾನ, ಯಾಕೆಂದರೆ ಆಗ ಭಾರವೆಲ್ಲ ಬಲಕ್ಕೆ ಬೀಳುತ್ತದೆ. ಪೂರ್ತಿ ಸ್ಟೀರಿಂಗ್ ತಿರುಗಿಸಿ ಹೊರಟಾಗ ಟಕಟಕ ಬಂದರೆ ಆಕ್ಸಲ್‌ನ ಸಿವಿ ಜಾಯಿಂಟ್. ಅದರ ರಬ್ಬರ್ ಬೂಟ್ ಹರಿದು ಸುತ್ತ ಗ್ರೀಸ್ ಎರಚಿರುವುದು ಕಣ್ಣಿಗೇ ಕಾಣುತ್ತದೆ.

ಗುಂಡಿಯಲ್ಲಿ ಸಣ್ಣ ಕಟಕಟ ಬಂದರೆ ಲಿಂಕ್ ರಾಡ್, ಬುಷ್ ಇರಬಹುದು. ಅದು ಸ್ವಲ್ಪ ದಿನ ಕಾಯುತ್ತದೆ. ಆದರೆ ದಪ್ಪ ಸದ್ದಿನ ಜೊತೆ ಸ್ಟೀರಿಂಗ್ ಅಲೆದಾಡಿದರೆ, ಟೈರ್ ಒಂದೇ ಅಂಚಿನಲ್ಲಿ ಸವೆದಿದ್ದರೆ ಚಕ್ರವನ್ನು ಸಸ್ಪೆನ್ಷನ್‌ಗೆ ಹಿಡಿದಿಡುವ ಬಾಲ್ ಜಾಯಿಂಟ್ ನೋಡಿಸುವವರೆಗೆ ಗಾಡಿ ತೆಗೆಯಬೇಡಿ. ಅದು ಕಳಚಿದರೆ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ. ನೋಡುವಾಗ ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ತೂರಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಆ ಕೆಲಸ ನಿಮ್ಮದಲ್ಲ.

## "ತಿರುವಿನಲ್ಲಿ ಹಿಡಿದುಕೊಳ್ಳುತ್ತೆ, ಗೇರ್ ಜಾರುತ್ತೆ"

ಬೇಕಾದಾಗ ಮಾತ್ರ ಹಾಕುವ ಫೋರ್ ವೀಲ್ ಡ್ರೈವ್ ಇದ್ದರೆ ಮೊದಲು ಅದು ಆನ್ ಆಗಿಯೇ ಉಳಿದಿದೆಯೇ ನೋಡಿ. ಒಣ ರಸ್ತೆಯಲ್ಲಿ ಅದನ್ನು ಹಾಕಿ ತಿರುಗಿದರೆ ಚಕ್ರಗಳು ಎಳೆದಾಡುವುದು ದೋಷವಲ್ಲ, ಬಳಕೆ ತಪ್ಪು. ಸದಾ ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿಯಲ್ಲಿ ಹೀಗಾದರೆ ನಾಲ್ಕೂ ಟೈರ್ ಒಂದೇ ಗಾತ್ರ, ಒಂದೇ ಸವೆತ ಇವೆಯೇ ನೋಡಿ. ಎರಡು ಹೊಸದು, ಎರಡು ಬೋಳು ಎಂದು ಹಾಕಿದ್ದರೆ ಅದು ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸನ್ನು ದಿನವೂ ತಿನ್ನುತ್ತಿರುತ್ತದೆ. ಆಮೇಲೆ ಅಲ್ಲಿನ ಮತ್ತು ಡಿಫರೆನ್ಶಿಯಲ್‌ನ ಆಯಿಲ್.

ಆಟೋಮ್ಯಾಟಿಕ್ ಗಾಡಿಯಲ್ಲಿ ಡಿ (ಡ್ರೈವ್) ಗೇರ್‌ಗೆ ಹಾಕಿದ ಮೇಲೆ ತಡವಾಗಿ ಹಿಡಿದರೆ, ಆಕ್ಸಲರೇಟರ್ ಒತ್ತಿದಾಗ ಎಂಜಿನ್ ಕೂಗಿ ಗಾಡಿ ಓಡದಿದ್ದರೆ ಮೊದಲು ಆಯಿಲ್ ಮಟ್ಟ, ಬಣ್ಣ, ವಾಸನೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಸುಟ್ಟಿದೆ, ದೊಡ್ಡ ಕೆಲಸ. ಗೇರ್‌ಬಾಕ್ಸ್ ಬಿಚ್ಚೋಣ ಎಂದು ಯಾರಾದರೂ ಹೇಳಿದರೆ ಇನ್ನೊಬ್ಬರ ಅಭಿಪ್ರಾಯ ಕೇಳದೆ ಒಪ್ಪಬೇಡಿ.

ಪಾರ್ಕ್‌ಗೆ ಹಾಕಿ ಇಳಿದ ಮೇಲೂ ಗಾಡಿ ಉರುಳಿತು ಎಂಬ ದೂರು ಬಂದರೆ ಡ್ರೈವರ್ ತಪ್ಪೆಂದು ತಳ್ಳಿಹಾಕಬೇಡಿ. 2016ರಲ್ಲಿ ಜೀಪ್ ಗ್ರ್ಯಾಂಡ್ ಚೆರೊಕಿ ಸೇರಿ 11 ಲಕ್ಷಕ್ಕೂ ಹೆಚ್ಚು ಗಾಡಿಗಳ ರೀಕಾಲ್ ಆದದ್ದು ಇದಕ್ಕೇ. ಗೇರ್ ಲಿವರ್ ಪ್ರತಿ ಸಲ ನಡುವಿಗೇ ವಾಪಸ್ ಬರುತ್ತಿದ್ದರಿಂದ ಪಾರ್ಕ್‌ಗೆ ಬಿತ್ತೋ ಇಲ್ಲವೋ ಕೈಗೆ ಗೊತ್ತಾಗುತ್ತಿರಲಿಲ್ಲ. ಯಾವ ಗಾಡಿಯೇ ಇರಲಿ, ಹ್ಯಾಂಡ್‌ಬ್ರೇಕ್ ಹಾಕಿ, ಮೀಟರಿನಲ್ಲಿ ಪಿ ಅಕ್ಷರ ನೋಡಿ, ಆಫ್ ಮಾಡಿ, ಆಮೇಲೆ ಇಳಿಯಿರಿ.

## "ಬಿಸಿಯಾಗುತ್ತೆ, ಹೊಗೆ ಬರುತ್ತೆ, ಆಯಿಲ್ ಏರಿದೆ"

ಟೆಂಪರೇಚರ್ ಮುಳ್ಳು ಕೆಂಪಿಗೆ ಹೋದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಆನ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ರೇಡಿಯೇಟರ್ ಮುಚ್ಚಳವನ್ನು ಪೂರ್ತಿ ತಣ್ಣಗಾಗುವವರೆಗೆ ಮುಟ್ಟಬೇಡಿ. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಹಾರುತ್ತದೆ. ತಣ್ಣಗಾದ ಮೇಲೆ ಕೂಲೆಂಟ್ ಮಟ್ಟ, ಪೈಪಿನ ಸೇರುಗಳಲ್ಲಿ ಬಣ್ಣದ ಕಲೆ ನೋಡಿ. ಟ್ರಾಫಿಕ್‌ನಲ್ಲಿ ಮಾತ್ರ ಬಿಸಿಯಾಗಿ, ಓಡುವಾಗ ಸರಿಹೋದರೆ ಫ್ಯಾನ್ ತಿರುಗುತ್ತಿಲ್ಲ. ವೇಗದಲ್ಲೇ ಬಿಸಿಯಾದರೆ ಥರ್ಮೋಸ್ಟಾಟ್, ವಾಟರ್ ಪಂಪ್ ಅಥವಾ ಕಟ್ಟಿಕೊಂಡ ರೇಡಿಯೇಟರ್. ಹೊರಗೆ ಸೋರಿಕೆ ಕಾಣದೆ ಕೂಲೆಂಟ್ ಮಾಯವಾಗುತ್ತಾ, ಸೈಲೆನ್ಸರಿನಿಂದ ನಿಲ್ಲದ ಬಿಳಿ ಹೊಗೆ, ಸಿಹಿ ವಾಸನೆ ಬಂದರೆ ಎಂಜಿನ್‌ನ ಮೇಲ್ಭಾಗ ಸೋರದಂತೆ ಮುಚ್ಚುವ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ. ಇನ್ನು ಓಡಿಸಿದರೆ ಎಂಜಿನ್ನೇ ಹೋಗುತ್ತದೆ.

ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಎಂದರೆ ಇಂಧನ ಹೆಚ್ಚು, ಗಾಳಿ ಕಡಿಮೆ, ಮೊದಲು ಏರ್ ಫಿಲ್ಟರ್ ನೋಡಿ. ಚಳಿಯ ಬೆಳಿಗ್ಗೆ ಬಂದು ಹೋಗುವ ಬಿಳಿ ಹಬೆ ಬರೀ ನೀರು.

ಆಯಿಲ್ ಇಳಿಯುವುದನ್ನು ಎಲ್ಲರೂ ನೋಡುತ್ತಾರೆ, ಏರುವುದನ್ನು ಯಾರೂ ಗಮನಿಸುವುದಿಲ್ಲ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಗೆರೆ ದಾಟಿ, ಪೆಟ್ರೋಲ್ ಅಥವಾ ಡೀಸೆಲ್ ವಾಸನೆ ಬಂದರೆ ಇಂಧನ ಆಯಿಲ್‌ಗೆ ಸೇರಿದೆ. ಹೋಂಡಾ ಸಿಆರ್-ವಿಯ 1.5 ಲೀಟರ್ ಟರ್ಬೊ ಎಂಜಿನ್ ಬಗ್ಗೆ ಇದೇ ದೂರು ಬಂತು, ಅದೂ ಚಳಿ ಪ್ರದೇಶದಲ್ಲಿ ಹತ್ತಿರದ ಓಟಕ್ಕಷ್ಟೇ ಗಾಡಿ ತೆಗೆಯುವವರಿಂದ. ಅಮೆರಿಕದಲ್ಲಿ ಇದಕ್ಕೆ ಕಂಪನಿ ವಾರಂಟಿ ವಿಸ್ತರಿಸಿತು. ಮೊದಲು ಹೇಳಿದ ಮೂರನೆಯ ಬಗೆ ಇದು. ಡೀಸೆಲ್ ಗಾಡಿಯಲ್ಲಿ ಹೊಗೆಯ ಮಸಿ ಸುಡುವ ಫಿಲ್ಟರ್ ತನ್ನ ಕೆಲಸ ಅರ್ಧಕ್ಕೇ ಬಿಟ್ಟಾಗಲೂ ಹೀಗಾಗುತ್ತದೆ. ದಿನವೂ ಎರಡು ಕಿಲೋಮೀಟರ್ ಓಡುವ ಗಾಡಿಗೆ ಆಗಾಗ ಅರ್ಧ ಗಂಟೆ ಹೆದ್ದಾರಿಯ ಓಟ ಬೇಕು. ಡೀಸೆಲ್‌ನಲ್ಲಿ ಮಟ್ಟ ಗೆರೆಗಿಂತ ಬಹಳ ಮೇಲಿದ್ದರೆ ಸ್ಟಾರ್ಟ್ ಮಾಡಲೇಬೇಡಿ. ಎಂಜಿನ್ ತನ್ನದೇ ಆಯಿಲ್ ಕುಡಿದು ಕೀ ತೆಗೆದರೂ ನಿಲ್ಲದೆ ಓಡಬಹುದು.

## "ಒಳಗೆ ಕಾರ್ಪೆಟ್ ಒದ್ದೆ"

ಸನ್‌ರೂಫ್ ಇದ್ದರೆ ಅದರ ಮೂಲೆಗಳಲ್ಲಿ ನೀರು ಹೋಗುವ ಸಣ್ಣ ತೂತುಗಳಿವೆ. ಒಂದು ಲೋಟ ನೀರು ಮೆಲ್ಲಗೆ ಸುರಿದು ಗಾಡಿಯ ಕೆಳಗೆ ಬರುತ್ತದೆಯೇ ನೋಡಿ. ಬರದಿದ್ದರೆ ಕಟ್ಟಿದೆ. ಎಲೆ, ಮಣ್ಣು ತೆಗೆಯಿರಿ. ಜೋರು ಗಾಳಿ ಊದಬೇಡಿ, ಒಳಗಿನ ಪೈಪ್ ಕಳಚುತ್ತದೆ. ಕಾರ್ಪೆಟ್ ಒಣಗಿಸದೆ ಬಿಟ್ಟರೆ ಅದರ ಕೆಳಗಿನ ಕನೆಕ್ಟರ್‌ಗಳು ತುಕ್ಕು ಹಿಡಿದು, ಮೇಲೆ ಹೇಳಿದ ದೀಪಗಳೆಲ್ಲ ಒಂದೊಂದಾಗಿ ಹತ್ತತೊಡಗುತ್ತವೆ.

## ರೀಕಾಲ್ ಪಟ್ಟಿಯಲ್ಲಿ ಇಲ್ಲ, ಆದರೂ ಅಪಾಯದ ದೋಷ

ಬ್ರೇಕ್, ಸ್ಟೀರಿಂಗ್, ಬೆಂಕಿ, ಏರ್‌ಬ್ಯಾಗ್, ಓಡುವಾಗ ನಿಲ್ಲುವುದು. ಇವುಗಳಲ್ಲಿ ಯಾವುದಾದರೂ ಆಗಿ, ರೀಕಾಲ್ ಏನೂ ಇಲ್ಲವೆಂದರೆ ತಯಾರಕರಿಗೂ ವಾಹನ ಸುರಕ್ಷತೆ ಇಲಾಖೆಗೂ ಬರೆದು ತಿಳಿಸಿ. ಎಷ್ಟೋ ರೀಕಾಲ್‌ಗಳ ತನಿಖೆ ಶುರುವಾಗುವುದು ನಮ್ಮಂಥ ಮಾಲೀಕರ ದೂರುಗಳು ಒಂದೆಡೆ ಸೇರಿದಾಗಲೇ. ಚಾಸಿ ನಂಬರ್, ಓಡಿದ ಕಿಲೋಮೀಟರ್, ಆಗ ಇದ್ದ ವೇಗ, ಎಂಜಿನ್ ಬಿಸಿಯಿತ್ತೋ ತಣ್ಣಗಿತ್ತೋ, ಯಾವ ದೀಪ ಹತ್ತಿತ್ತು, ಏನು ಸದ್ದು, ಎಷ್ಟು ಸಲ ಆಯಿತು, ಇಷ್ಟು ಬರೆದರೆ ಸಾಕು. ರಿಪೇರಿಗೆ ಮೊದಲೇ ಫೋಟೊ ತೆಗೆದಿಡಿ. ಬಿಚ್ಚಿದ ಹಳೆಯ ಭಾಗವನ್ನು ಮೆಕ್ಯಾನಿಕ್ ಹತ್ತಿರ ಬಿಡಬೇಡಿ. ತಾರೀಖು ಬರೆದು ಒಂದು ಚೀಲದಲ್ಲಿ ಕಟ್ಟಿ, ಬಿಲ್ ಜೊತೆ ಇಟ್ಟುಕೊಳ್ಳಿ. ಮುಂದೆ ಅದೇ ಭಾಗಕ್ಕೆ ರೀಕಾಲ್ ಬಂದಾಗ, ಮೊದಲೇ ಕೈಯಿಂದ ಕೊಟ್ಟ ದುಡ್ಡು ವಾಪಸ್ ಕೇಳಲು ಆ ಬಿಲ್ ಬೇಕಾಗುತ್ತದೆ.